ನಾಲ್ಕನೇ ಸಬ್ಜೆಕ್ಟೂ ನಮ್ಮ ಅತ್ತಿಯೂ

ನಮ್ಮ ಅತ್ತಿಯ ತಲೆ ನೆಟ್ಟಗೇ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ನೀವು ನಂಬುವುದಿಲ್ಲ!

ಅತ್ತಿ ಅಂದರೆ ಅಪ್ಪನ ಅಕ್ಕ. ಹಿಪ್ಪರಗಿಯಲ್ಲಿ ಕಬ್ಬು, ಎಮ್ಮೆ ಅಂತ ಇರುವ ಹೆಂಗಸು. ಕಣ್ಣಾರೆ ನೋಡದೆ ಏನನ್ನೂ ಒಪ್ಪುವವಳಲ್ಲ. ಕುಕ್ಕರ್ ಕೊಳ್ಳಲು ಹೋದಾಗ ಬೇಳೆ ಕಟ್ಟಿಕೊಂಡು ಹೋಗಿ, ಅಂಗಡಿಯಲ್ಲೇ ಮೂರು ಸೀಟಿ ಹೊಡೆಸಿ, "ಬ್ಯಾಳಿ ಬೆಂದಿಲ್ಲ" ಎಂದು ಎದ್ದು ಬಂದವಳು!

ನನ್ನ ಎಸ್ಸೆಸ್ಸೆಲ್ಸಿ ಮುಗಿದಿತ್ತು. ಪಿಯುಸಿಗೆ ಸೈನ್ಸ್ ಅಂತ ಖಾತ್ರಿಯಾಗಿತ್ತು. ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸಿಗೆ ಯಾರ ತಕರಾರೂ ಇಲ್ಲ. ನಾಲ್ಕನೆಯದು ಬಯಾಲಜಿಯೋ, ಕಂಪ್ಯೂಟರೋ? ಅವ್ವ ಬಯಾಲಜಿ ಅಂದಳು, ಅಪ್ಪ ಕಂಪ್ಯೂಟರ್ ಅಂದ. ಜಮಖಂಡಿಯ ನಮ್ಮ ಮನೆಯಲ್ಲಿ ಇಬ್ಬರೂ ಮಾತು ಬಿಟ್ಟರು. "ನಿಮ್ಮಪ್ಪಗ ಚಾ ಬೇಕೇನ ಕೇಳು" ಎಂದು ಅವ್ವ, ಅಪ್ಪ ಪಕ್ಕದಲ್ಲೇ ಕೂತಿದ್ದರೂ, ನನಗೆ ಹೇಳುತ್ತಿದ್ದಳು! ಸುದ್ದಿ ತಿಳಿದು ಅತ್ತಿ ಬಂದೇ ಬಿಟ್ಟಳು.

"ಎರಡೂ ನಾ ನೋಡತೀನಿ. ನಡಿ ಬೇ ಕಾಲೇಜಿಗೆ!"

ಬಯಾಲಜಿ ಲ್ಯಾಬಿನ ಮೂಲೆಯಲ್ಲಿ ಅಸ್ಥಿಪಂಜರ ನಿಂತಿತ್ತು. ಅತ್ತಿ ತಲೆಮೇಲೆ ಸೆರಗು ಹೊದ್ದು ಕೈಮುಗಿದಳು. "ಪಾಪ, ಯಾರ ಮನಿ ಹಿರ್ಯಾರೋ!"

"ಅಮ್ಮಾರ, ಅದು ಪ್ಲಾಸ್ಟಿಕ್‌ ಐತ್ರಿ" ಅಂದರು ಲೆಕ್ಚರರು.

"ಅಯ್ಯ, ಕೈ ಮುಗದದ್ದು ದಂಡ ಆತಲ್ರಿ!"

ಕಂಪ್ಯೂಟರ್ ಲ್ಯಾಬಿನಲ್ಲಿ ಕುರ್ಚಿ ಎಳೆದು ಕೂತೇಬಿಟ್ಟಳು. "ಇದರಾಗ ಎಮ್ಮಿ ಈಯೂದು ತೋರಸ್ರಿ ನೋಡೂಣು." ಪಾಪದ ಮೇಡಮ್ಮು ಒಂದು ವಿಡಿಯೋ ಹಾಕಿದರು. ಎರಡೇ ನಿಮಿಷ! ಅತ್ತಿ ಪರದೆಗೆ ಬೆರಳು ಚುಚ್ಚಿ, ಅದರೊಳಗೆ ಕರು ಎಳೆಯುತ್ತಿದ್ದವನಿಗೆ ಕೂಗಿದಳು: "ಲೇ, ಹಂಗ ಜಗ್ಗಬ್ಯಾಡೋ! ಎಮ್ಮಿ ಮುಕ್ಕೂ ಮಟಾ ತಡಿಯೋ!" ಪ್ರಿನ್ಸಿಪಾಲರು ಓಡಿ ಬಂದರು. ನಾನು ನೆಲ ಬಾಯಿ ಬಿಡಲಿ ಅಂತ ಕಾಯುತ್ತಾ ನಿಂತಿದ್ದೆ.

ಅಷ್ಟಕ್ಕೇ ಮುಗಿಯಿತೇ? ಮರುದಿನ ನನ್ನನ್ನು ಹಿಪ್ಪರಗಿಗೆ ಎಳೆದುಕೊಂಡು ಹೋದಳು. ಹೋಗಿ ಚೀಲ ಇಡುವಷ್ಟರಲ್ಲಿ ಅವಳ ಎಮ್ಮೆಗೇ ನೋವು ಶುರು! ಕರುವಿನ ಮೂಗು ಕಂಡಿತು, ಒಂದು ಕಾಲು ಕಂಡಿತು. ಇನ್ನೊಂದು ಕಾಲಿನ ಪತ್ತೆಯಿಲ್ಲ. ದನದ ಡಾಕ್ಟರು ಬೇರೆ ಊರಲ್ಲಿ.

"ಕೈ ತೊಳಕೊಂಡು ಬಾ. ನಾ ಎಮ್ಮಿ ಹಿಡಿತೀನಿ, ಅದು ನನ್ನ ಮಾತ ಅಷ್ಟ ಕೇಳತೈತಿ. ನೀ ಕೈ ಹಾಕು."

"ಎಲ್ಲಿ ಹಾಕ್ಲಿ?"

"ನನ್ನ ಬಾಯಾಗ! ಎಲ್ಲಿ ಅಂದ್ರ?"

ಹದಿನಾರು ವರ್ಷ ಗೋಡೆಯ ಮೇಲಿನ ಹಲ್ಲಿಗೂ ಹೆದರಿದವಳು ನಾನು! ಕಣ್ಣು ಮುಚ್ಚಿ ಕೈ ಹಾಕಿದೆ. ಒಳಗೆ ಬಿಸಿ. ಮಡಚಿಕೊಂಡಿದ್ದ ಮೊಣಕಾಲು ಬೆರಳಿಗೆ ತಾಗಿತು. ಅತ್ತಿ ಹೇಳಿದಂತೆ ಒಳಕ್ಕೆ ಒತ್ತಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಮುಂದಕ್ಕೆ ತಂದೆ. ಎಮ್ಮೆ ತಿಣುಕಿ ಮುಕ್ಕಿತು, ಕರು ಜಾರಿ ನನ್ನ ಮಡಿಲಿಗೇ ಬಿತ್ತು. ಉಸಿರಾಡುತ್ತಿತ್ತು. ನಾನು ವಾಂತಿ ಮಾಡಿಕೊಂಡೆ.

ಮರುದಿನ ಅತ್ತಿ ಬಸ್ಸಿಗೆ ಬಿಡಲು ಬಂದಳು. ಇನ್ನೇನು, ತೀರ್ಪು ಹೇಳುತ್ತಾಳೆ ಅಂತ ನಾನು, ನಾಲ್ಕನೇ ಸಬ್ಜೆಕ್ಟಿನ ಜಾಗ ಖಾಲಿ ಬಿಟ್ಟಿದ್ದ ಕಾಲೇಜಿನ ಅರ್ಜಿ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ವಾಪಸು ನನಗೇ ಕೊಟ್ಟಳು.

"ನನಗ ಎರಡು ವರ ಬಂದಿದ್ವು" ಅಂದಳು. "ಒಬ್ಬಾಂವ ಮುಧೋಳದಾಂವ, ಒಬ್ಬಾಂವ ಈ ಊರಾಂವ. ಮನ್ಯಾಗ ಎಂಟ ದಿನ ಜಗಳ ಆತು. ಯಾರ ಬೇಕವ್ವ ನಿನಗ ಅಂತ ನನ್ನ ಮಾತ್ರ ಯಾರೂ ಕೇಳಲಿಲ್ಲ."

"ಕೇಳಿದ್ರ ಯಾರನ್ನ ಅಂತಿದ್ದಿ ಅತ್ತಿ?"

"ಯಾರಿಗ್ಗೊತ್ತು! ವಿಚಾರ ಮಾಡಾಕರ ಬಿಟ್ಟಿದ್ರ ಗೊತ್ತಾಗತಿತ್ತು." ನನ್ನ ಕಡೆ ತಿರುಗಿ ಕೇಳಿದಳು, "ನಿನಗ ಯಾವುದು ಬೇಕು ಬೇ?"

ನಮ್ಮ ಮನೆಯಲ್ಲಿ, ಅಷ್ಟು ದಿನ, ಅಷ್ಟು ಮಾತಿನ ನಡುವೆ, ಯಾರೂ ಕೇಳದ ಪ್ರಶ್ನೆ. ನಾನು ಕಟ್ಟೆಯ ಮೇಲೆ ಕೂತು ಅರ್ಜಿ ಬಿಡಿಸಿದೆ. ಜಮಖಂಡಿ ಬಸ್ ಬಂತು. "ನಡೀರಿ ನೀವು, ಹುಡುಗಿ ವಿಚಾರ ಮಾಡಾಕತ್ತಾಳು" ಎಂದು ಕಂಡಕ್ಟರನಿಗೆ ಕೈಬೀಸಿದಳು.

ನಾನು ಪೆನ್ನು ತೆಗೆದೆ. ಜಗತ್ತಿನದೆಲ್ಲ ಕಣ್ಣಾರೆ ನೋಡಬೇಕೆನ್ನುವ ನಮ್ಮ ಅತ್ತಿ, ಮುಖವನ್ನು ಕಬ್ಬಿನ ಹೊಲದ ಕಡೆ ತಿರುಗಿಸಿ ಕೂತಳು. ನಾನು ಬಯಾಲಜಿ ಅಂತ ಬರೆದು ಅರ್ಜಿ ಮಡಚುವವರೆಗೂ ಈ ಕಡೆ ನೋಡಲಿಲ್ಲ.