ಸೆರಗಿನ ಮೂರು ಗಂಟು

ಚೀಟಿ ಬರೆದುಕೊಳ್ಳುವವರನ್ನು ಕಂಡರೆ ನನಗೆ ಮರುಕ. ಚೀಟಿ ಕಳೆಯುತ್ತದೆ. ಸೆರಗು ಕಳೆಯುತ್ತದೆಯೇ? ಒಂದು ಕೆಲಸಕ್ಕೆ ಒಂದು ಗಂಟು, ಕೆಲಸ ಮುಗಿದರೆ ಬಿಚ್ಚುವುದು. ಇದು ನನ್ನ ಕಾಯಿದೆ.

ಕಾಯಿದೆ ಬೇಕೇ ಬೇಕಿತ್ತು. ಹುಬ್ಬಳ್ಳಿಯ ಡಾಕ್ಟರು ನನ್ನ ಸಣ್ಣ ಮೊಮ್ಮಗಳನ್ನು ನೋಡಿ, "ಇದಕ್ಕ ಎಡಿಎಚ್‌ಡಿ ಅಂತಾರ್ರಿ. ಬುದ್ಧಿ ಚುರುಕ ಐತಿ, ಲಕ್ಷ್ಯ ಒಂದ ಕಡೆ ನಿಲ್ಲಂಗಿಲ್ಲ. ಮನ್ಯಾಗ ಮತ್ತ್ಯಾರರ ಹಿಂಗ ಅದಾರೇನ್ರಿ?" ಎಂದಿದ್ದರು. ಮನೆಮಂದಿಯೆಲ್ಲ ನನ್ನ ಕಡೆ ತಿರುಗಿದರು. ನಾನು ಕಿಟಕಿಯಾಚೆ ಒಂದು ಆಡು ನೋಡುತ್ತಿದ್ದೆ!

ಅಷ್ಟರಲ್ಲಿ ದೊಡ್ಡ ಮೊಮ್ಮಗಳು ಗಿರಿಜಾಳ ಕುಬಸ ಬಂತು. ಚೊಚ್ಚಲ ಬಸುರಿಗೆ ತವರಿನ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸುವ ಕಾರ್ಯ. ಅಬ್ಬಿಗೇರಿಯ ಅವಳ ಗಂಡನ ಮನೆಯಲ್ಲಿ, ಹನ್ನೆರಡರೊಳಗೆ. ತವರಿನ ಸೀರೆ ಬರದಿದ್ದರೆ ಹುಡುಗಿ ಬೀಗರ ಮುಂದೆ ಜೀವಮಾನವಿಡೀ ತಲೆ ತಗ್ಗಿಸಬೇಕು. ಸೀರೆ ನಮ್ಮ ಗಜೇಂದ್ರಗಡದಲ್ಲೇ, ನೇಕಾರರ ಮಗ್ಗದಿಂದ ಆ ಬೆಳಿಗ್ಗೆಯೇ ಇಳಿಯುವುದಿತ್ತು. ತರುವ ಹೊಣೆ ನನ್ನದು. ನಾನೇ ಕೇಳಿ ಪಡೆದದ್ದು!

ಯಜಮಾನರು ಮೊದಲು ಹೊರಟರು. "ನಾ ನೇಕಾರರ ಮನ್ಯಾಗ ಕುಂತಿರ್ತೀನಿ. ನೀ ಬಳಿ ತಗೊಂಡ ಅಲ್ಲಿಗೇ ಬಾ. ಚೀಟಿ ಬರದ ಕೊಡ್ಲೇನು?"

"ಏನೂ ಬ್ಯಾಡ್ರಿ!" ಎಂದು ಮೂರು ಗಂಟು ಬಿಗಿದೆ. ಬಳೆ, ಸೀರೆ, ಯಜಮಾನರು.

ಅವರು ಹೋದ ಮೇಲೆ ನೋಡಿದರೆ, ಉಟ್ಟದ್ದು ಹಳೆಯ ಹಸಿರು ಸೀರೆ. ಬೀಗರ ಮನೆಗೆ ಇದೇ? ಅದನ್ನು ಸಂಜೆಗಿರಲಿ ಎಂದು ಚೀಲಕ್ಕೆ ತುರುಕಿ, ಕೆಂಪು ಇಳಕಲ್ ಉಟ್ಟೆ. ಬಳೆ ಅಂಗಡಿಯ ದಾರಿಯಲ್ಲಿ ಯಾರದೋ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಎಮ್ಮೆ ಓಡುವಾಗ ನಾನು ನಿಲ್ಲುವುದುಂಟೇ? ಓಡಿದೆ, ಹಿಡಿದೆ, ಒಡೆಯನಿಗೆ ಒಪ್ಪಿಸಿದೆ. ತಲೆ ಎತ್ತಿದರೆ ಬಸ್‌ಸ್ಟ್ಯಾಂಡು! ಅಬ್ಬಿಗೇರಿ ಬಸ್ಸು ಹೊರಟು ನಿಂತಿತ್ತು. ಸೆರಗು ತಡವಿದೆ. ನುಣ್ಣಗಿತ್ತು, ಒಂದೂ ಗಂಟಿಲ್ಲ. ಅಂದರೆ ಕೆಲಸವೆಲ್ಲ ಮುಗಿದಿದೆ! ಹೆಮ್ಮೆಯಿಂದ ಕಿಟಕಿ ಸೀಟು ಹಿಡಿದೆ.

"ಬರ್ರಿ ಅಕ್ಕಾರ, ಲಗೂ ಸೀರಿ ತಗೀರಿ, ಹೊತ್ತಾತು" ಎಂದರು ಬೀಗತಿ.

ಚೀಲ ತೆರೆದೆ. ಹಸಿರು ಸೀರೆ ಬಂತು. ಮೂರು ಗಂಟಿನ ಸಮೇತ!

"ಇವೇನ್ರೀ ಗಂಟು?"

"ಇದು ಬಳಿ, ಇದು ಸೀರಿ..."

"ಮೂರನೇದು?"

"ನಮ್ಮ ಮನಿಯವ್ರು."

ಮನೆ ತುಂಬ ಮುತ್ತೈದೆಯರು. ಎಲ್ಲರೂ ಗಂಟು ನೋಡಲು ಬಗ್ಗಿದರು. ಮಣೆಯ ಮೇಲಿದ್ದ ಗಿರಿಜಾ ಕೈ ಚಾಚಿದಳು. "ಅದನ್ನ ಉಡಸ್ರಿ. ತವರಿಂದೂ ಹೌದು, ಹಸರೂ ಹೌದು."

"ಒಗ್ಗರಣಿ ವಾಸನಿ ಬರ್ತೈತಲ್ಲವ್ವಾ!" ಬೀಗತಿ ಮೂಗು ಮುಚ್ಚಿದರು.

"ಬರ್ಲಿ ಬಿಡ್ರಿ ಅತ್ತಿ. ಬಸುರಿಗೆ ಅದೇ ಬಯಕಿ!"

ಬೀಗತಿಯೇ ಮೊದಲು ನಕ್ಕರು. ಬಳೆ ಓಣಿಯಲ್ಲೇ ಸಿಕ್ಕವು. ಆರತಿ ಮುಗಿಯುವಾಗ ಯಜಮಾನರು ಮುಂದಿನ ಬಸ್ಸಿಗೆ ಬಂದಿಳಿದರು, ಕಂಕುಳಲ್ಲಿ ಹೊಸ ಸೀರೆ.

"ಬಳಿ ಮರತಿ, ಸೀರಿ ಮರತಿ. ಕಟಗೊಂಡ ಗಂಡನ್ನೂ ಮರತಿ?"

"ಎಲ್ಲಿ ಮರತೇನ್ರಿ? ಗಂಟ ಹಾಕೇನಿ, ನೋಡ್ರಿ!" ಎಂದು ಮೊಮ್ಮಗಳ ಸೆರಗು ತೋರಿಸಿದೆ.

ಆದರೂ ತಪ್ಪಿನಿಂದ ಕಲಿತೆ. ಗುರುತು ಮೈಮೇಲಿದ್ದರೆ ಸಾಲದು, ದಾರಿಗೆ ಅಡ್ಡ ಇರಬೇಕು. ಈಗ ತಲಬಾಗಿಲ ಚಿಲಕಕ್ಕೆ ಹಗ್ಗ ಕಟ್ಟಿ, ಅದಕ್ಕೆ ಗಂಟು ಹಾಕುತ್ತೇನೆ. ಮುಟ್ಟದೆ ಹೊರಗೆ ಹೋಗಲಾಗದು. ಸಣ್ಣ ಮೊಮ್ಮಗಳಿಗೂ ಇದನ್ನೇ ಕಲಿಸಿದ್ದೇನೆ, ಡಾಕ್ಟರೂ ತಲೆದೂಗಿದರು. ವರ್ಷವಾಯಿತು, ಒಂದೂ ಕೆಲಸ ತಪ್ಪಿಲ್ಲ!

ನಿನ್ನೆ ಹಿತ್ತಲ ಬಾಗಿಲಿನಿಂದ ಹೋದೆ. ಚಿಲಕದ ಹಗ್ಗಕ್ಕಿದ್ದದ್ದು ಯಜಮಾನರ ಗಂಟು. ಅವರು ಇನ್ನೂ ಮಾತಾಡಿಲ್ಲ.