ಕೇಳಿಕೊಂಡು ಬರುವವರು

ಟಪ್.

ರಾತ್ರಿ ಹನ್ನೊಂದೂವರೆಗೆ ಕಿಟಕಿಯ ಮೇಲಿನ ತಗಡಿಗೆ ಒಂದೇ ಒಂದು ಹನಿ ಬಿತ್ತು. ಗುಮಾಸ್ತ ಎದ್ದು ಕೂತು ಎರಡನೆಯದಕ್ಕೆ ಕಾದ. ಬರಲಿಲ್ಲ. ಮಳೆಯೂ ಹವಾಮಾನ ವರದಿಯ ಹಾಗೆಯೇ, ಬಂದರೂ ಬಂದೇನು, ಬಾರದಿದ್ದರೂ ಇದ್ದೇನು ಎಂದು ಜಾರಿಕೊಂಡಿತ್ತು.

ಭಾನುವಾರ ಒಂಟಿಕಲ್ಲಿಗೆ ಹೋಗಲು ಅವನು ಹನ್ನೊಂದು ದಿನಗಳಿಂದ ತಯಾರಿ ನಡೆಸಿದ್ದ. ಬಸ್ಸಿನಲ್ಲಿ ಒಂದು ಗಂಟೆ, ಅಲ್ಲಿಂದ ಬೆಟ್ಟದ ಮೇಲಕ್ಕೆ ಒಂದೂವರೆ ಗಂಟೆ ನಡಿಗೆ. ಮೇಲೆ ಮರವಿಲ್ಲ, ಮನೆಯಿಲ್ಲ. ಬರೀ ಹುಲ್ಲು, ಜೌಗು, ಗಾಳಿ. ಆ ಬೋಳು ಬಯಲಿನ ನಡುವೆ ಒಂದು ಕಲ್ಲು. ಕಲ್ಲಿನ ಬುಡದಲ್ಲಿ ತಗಡಿನ ಪೆಟ್ಟಿಗೆ, ಪೆಟ್ಟಿಗೆಯಲ್ಲೊಂದು ಪುಸ್ತಕ. ಅಲ್ಲಿಯವರೆಗೆ ಹೋದವರು ಅದರಲ್ಲಿ ಹೆಸರು ಬರೆದು ಬರುತ್ತಾರೆ. ಐವತ್ತೆರಡು ವರ್ಷವಾದರೂ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಹೆಸರು ಮೂಡದವನಿಗೆ ಅದೊಂದು ಆಸೆ.

ಮಳೆಕೋಟು, ಸೀಟಿ, ಟಾರ್ಚು, ನಕ್ಷೆ ಎಲ್ಲ ಚೀಲ ಸೇರಿದ್ದವು. ಉಳಿದದ್ದು ಒಂದು ಚೀಟಿ. ಅದನ್ನು ಕೊಡದವರನ್ನು ಬೆಟ್ಟದ ಬುಡದ ಕಾವಲಿನವರು ಮೇಲಕ್ಕೆ ಬಿಡುವುದಿಲ್ಲ. ಹೆಸರು, ವಯಸ್ಸು ಸಲೀಸಾಗಿ ತುಂಬಿದ್ದ. ಕೊನೆಯ ಸಾಲಿನಲ್ಲಿ ಪೆನ್ನು ನಿಂತಿತ್ತು: 'ಸಂಜೆಯೊಳಗೆ ನೀವು ಇಳಿದು ಬಾರದಿದ್ದರೆ ನಿಮ್ಮನ್ನು ಕೇಳಿಕೊಂಡು ಬರುವವರು ಯಾರು? ಅವರ ಸಹಿ.'

ಇದೇ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಬರೆಯುವುದು ಅವನ ಉದ್ಯೋಗ. ಬಸ್ ಡಿಪೋದ ಕಳೆದ ವಸ್ತುಗಳ ವಿಭಾಗಕ್ಕೆ ಅವನೇ ಗುಮಾಸ್ತ, ಅವನೇ ಜವಾನ. ಬಸ್ಸಿನಲ್ಲಿ ಜನ ಮರೆತುಹೋದ ಪ್ರತಿ ವಸ್ತುವಿಗೂ ಚೀಟಿ ಕಟ್ಟಿ, 'ಕೇಳಿಕೊಂಡು ಬಂದವರು' ಎಂಬಲ್ಲಿ ಖಾಲಿ ಬಿಟ್ಟು ಕಪಾಟಿನಲ್ಲಿಡುತ್ತಾನೆ. ವರ್ಷಕ್ಕೊಮ್ಮೆ ಹರಾಜು. ಹರಾಜಿನಲ್ಲೂ ಯಾರಿಗೂ ಬೇಡವಾದ ನಾನೂರು ಕೊಡೆಗಳು ಅವನ ಬೆನ್ನ ಹಿಂದೆ ಬಾವಲಿಗಳ ಹಾಗೆ ನೇತಾಡುತ್ತವೆ. ಡಿಪೋದವರಿಗೆ ಅವನು 'ಕೊಡೆಯವರು'.

ಶನಿವಾರ ಬೆಳಿಗ್ಗೆ ಧೈರ್ಯ ಮಾಡಿ ಟಿಕೆಟ್ ಕೌಂಟರಿನಾಕೆಯ ಬಳಿ ಹೋದ.

"ಮೇಡಂ, ಒಂದು ಸಣ್ಣ ಸಹಿ ಬೇಕಿತ್ತು. ನಾಳೆ ಒಂಟಿಕಲ್ಲಿಗೆ ಹೋಗ್ತಿದ್ದೀನಿ. ವಾಪಸ್ ಬರದಿದ್ರೆ ನೀವು ವಿಚಾರಿಸ್ಬೇಕು, ಅಷ್ಟೆ."

"ಅಯ್ಯೋ, ಬಿಡ್ತು ಅನ್ನಿ! ಈ ಮೋಡದಲ್ಲಿ ಒಬ್ರೇ ಹೋಗಿ ಸಾಯ್ತೀರಾ?"

ಬಸ್ಸುಗಳ ಹೊತ್ತು ಕೂಗಿ ಹೇಳುವ ಮೈಕು ಅವಳೆದುರು ಚಾಲೂ ಇತ್ತು. ಎಂಟು ಪ್ಲಾಟ್‌ಫಾರಂಗಳಲ್ಲಿ ನಿಂತಿದ್ದ ಜನ ತಲೆ ಎತ್ತಿ ಆಕಾಶ ನೋಡಿದರು.

ಎರಡೇ ನಿಮಿಷಕ್ಕೆ ಮೇಲ್ವಿಚಾರಕರು ಬಂದರು. "ಏನ್ರೀ ಕೊಡೆಯವರೇ, ಸಾಯೋಕೆ ಹೊರಟಿದ್ದೀರಂತೆ?"

"ಇಲ್ಲ ಸಾರ್, ಕಲ್ಲು ನೋಡೋಕೆ."

"ಒಂಟಿಯಾಗಿ ಯಾಕ್ರೀ? ನಾನೂ ಬರ್ತೀನಿ. ದಿನಾ ನಡೀರಿ ಅಂತ ಡಾಕ್ಟ್ರು ಹೇಳಿ ಎರಡು ವರ್ಷ ಆಯ್ತು."

"ಹಾಗಾದ್ರೆ ನಾನೂ," ಎಂದಳು ಕೌಂಟರಿನಾಕೆ. ಮೆಕ್ಯಾನಿಕ್ಕು ತನ್ನ ಭಾವನ ವ್ಯಾನು ತರುತ್ತೇನೆಂದ. ಊಟದ ಹೊತ್ತಿಗೆ ಏಳು ಜನ ಆಗಿದ್ದರು. ಒಂದು ಸಹಿ ಕೇಳಲು ಹೋದವನಿಗೆ ಏಳು ಜನ ಸಿಕ್ಕಿದ್ದರು! ಗುಮಾಸ್ತ ಆ ಮಧ್ಯಾಹ್ನ ಕೊಡೆಗಳ ಧೂಳು ಒರೆಸುತ್ತ ಸಣ್ಣಗೆ ಸಿಳ್ಳೆ ಹಾಕಿದ.

ನಾಲ್ಕು ಗಂಟೆಗೆ ಮೇಲ್ವಿಚಾರಕರು ಚೀಟಿಯನ್ನು ಪೂರ್ತಿ ಓದಿದರು.

"ಕೆಳಗೆ ಒಬ್ರು ಇರ್ಲೇಬೇಕಂತಲ್ಲ ಮಾರಾಯ್ರೇ!"

ಏಳು ತಲೆಗಳು ಒಟ್ಟಿಗೆ ಅವನತ್ತ ತಿರುಗಿದವು.

"ಹನ್ನೆರಡು ವರ್ಷದಲ್ಲಿ ಒಂದು ಕೊಡೆ ಆಚೀಚೆ ಆಗಿಲ್ಲ," ಎಂದಳು ಕೌಂಟರಿನಾಕೆ. "ಇಂಥ ಜವಾಬ್ದಾರಿ ಮನುಷ್ಯ ಇನ್ನೆಲ್ಲಿ ಸಿಗ್ತಾರೆ?"

"ಆದ್ರೆ ಸಾರ್, ಹೋಗ್ಬೇಕು ಅಂತಿದ್ದಿದ್ದು ನಾನು... ನಕ್ಷೆ ನೋಡಿ ನೋಡಿ ದಾರಿ ಗೊತ್ತಿರೋದೂ ನನಗೇ..."

"ಅದಕ್ಕೇ ಹೇಳಿದ್ದು! ನಾವು ದಾರಿ ತಪ್ಪಿದ್ರೆ ಹುಡುಕೋಕೆ ದಾರಿ ಗೊತ್ತಿರೋರೇ ಕೆಳಗಿರ್ಬೇಕಲ್ವಾ?"

ಮೇಲ್ವಿಚಾರಕರು ಚೀಟಿಯಲ್ಲಿ ಗುಮಾಸ್ತನ ಹೆಸರು ಹೊಡೆದು ತಮ್ಮ ಏಳು ಜನರ ಹೆಸರು ಬರೆದು, ಕೊನೆಯ ಸಾಲಿನಲ್ಲಿ ಅವನ ಸಹಿ ಹಾಕಿಸಿಕೊಂಡರು. ಸಂಜೆ ಮೆಕ್ಯಾನಿಕ್ಕು ಬಂದು ನಕ್ಷೆ, ಸೀಟಿ, ಟಾರ್ಚು ಒಯ್ದ. "ಮನೇಲಿ ಕೂರೋರಿಗೆ ಮಳೆಕೋಟು ಯಾಕೆ?" ಎಂದು ಅದನ್ನೂ ಒಯ್ದ.

ಭಾನುವಾರ ಬೆಳಿಗ್ಗೆ ಬಿಸಿಲು, ಹತ್ತಕ್ಕೆ ತುಂತುರು, ಹನ್ನೊಂದಕ್ಕೆ ಮತ್ತೆ ಬಿಸಿಲು, ಹನ್ನೆರಡಕ್ಕೆ ಮಂಜು. ಹನ್ನೆರಡೂವರೆಗೆ ಕಲ್ಲಿನ ಹತ್ತಿರದಿಂದ ಫೋನ್ ಮಾಡುತ್ತೇವೆಂದು ಹೇಳಿ ಹೋಗಿದ್ದರು. ಫೋನನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡೇ ಗುಮಾಸ್ತ ಊಟ ಮಾಡಿದ. ಒಂದಾಯಿತು. ಅವನೇ ಏಳು ನಂಬರಿಗೂ ಕರೆ ಮಾಡಿದ. ಒಂದೂ ಸಿಗಲಿಲ್ಲ. ಒಂದೂವರೆಯ ಬಸ್ಸು ಬೀದಿಯ ತಿರುವಿನಲ್ಲಿ ಹಾರನ್ನು ಹಾಕಿದಾಗ ನಾನೂರು ಕೊಡೆಗಳ ಯಜಮಾನ ಒಂದು ಕೊಡೆಯೂ ಇಲ್ಲದೆ ಓಡಿದ.

ಬುಡದಲ್ಲಿ ಕಾವಲಿನವನ ಕುರ್ಚಿ ಇತ್ತು, ಕಾವಲಿನವನು ಇರಲಿಲ್ಲ. ಗುಮಾಸ್ತ ಹತ್ತಿದ. ದಾರಿಯುದ್ದಕ್ಕೂ "ಸಾರ್! ಮೇಡಂ!" ಎಂದು ಕೂಗಿದ. ಮಂಜು ಅವನ ಕೂಗನ್ನು ಒದ್ದೆ ಹತ್ತಿಯ ಹಾಗೆ ಹೀರಿಕೊಂಡಿತು. ಒಂದು ಕಡೆ ಜೌಗು ಅವನ ಎಡಗಾಲಿನ ಬೂಟನ್ನು ಗಪ್ಪನೆ ಹಿಡಿಯಿತು. ಕೂತು ಬಿಡಿಸಿಕೊಳ್ಳುವಷ್ಟು ವ್ಯವಧಾನವಿಲ್ಲ. ಕಾಲನ್ನು ಮಾತ್ರ ಎಳೆದುಕೊಂಡು ನಡೆದ.

ಒಂಟಿಕಲ್ಲು ಮಂಜಿನೊಳಗಿಂದ ತಟ್ಟನೆ ಎದ್ದು ನಿಂತಿತು. ಅವನು ನೋಡಲೂ ಇಲ್ಲ. ಪೆಟ್ಟಿಗೆ ತೆರೆದು, ಪುಸ್ತಕದ ಹಾಳೆ ತಿರುವಿದ. ಕೊನೆಯ ಹೆಸರು ಎಂಟು ದಿನದ ಹಿಂದಿನದು. ಅವರು ಇಲ್ಲಿಗೆ ತಲುಪೇ ಇಲ್ಲ! ಪೆಟ್ಟಿಗೆ ಮುಚ್ಚಿ, ಬಂದ ದಾರಿಯಲ್ಲೇ ಕೂಗುತ್ತ ಇಳಿದ. ಬೂಟು ಎಲ್ಲಿ ಉಳಿದಿತ್ತೆಂಬುದೂ ಮಂಜಿನಲ್ಲಿ ತಿಳಿಯಲಿಲ್ಲ.

ಬೆಟ್ಟದ ಬುಡದ ತಿರುವಿನಾಚೆ, ಬರುವಾಗ ಮಂಜಿನಲ್ಲಿ ಕಾಣದಿದ್ದ ಒಂದು ಹೋಟೆಲು. ಅದರ ಮುಂದೆ ವ್ಯಾನು ನಿಂತಿತ್ತು. ಗಾಜಿನೊಳಗೆ ಏಳು ಜನ ಇಸ್ಪೀಟು ಆಡುತ್ತಿದ್ದರು; ಎಂಟನೆಯವನು, ಮೈಮೇಲಿನ ಸಮವಸ್ತ್ರ ನೋಡಿದರೆ, ಕಾವಲಿನವನು. ಗೋಡೆಯ ಮೊಳೆಗೆ ಗುಮಾಸ್ತನ ಮಳೆಕೋಟು, ಒಂದು ಹನಿಯೂ ತಾಗದೆ, ಮಡಿಕೆಯ ಗೆರೆಯ ಸಮೇತ ನೇತಾಡುತ್ತಿತ್ತು. ಮೇಲ್ವಿಚಾರಕರು ಏನೋ ಹೇಳಿದರು. ಕೌಂಟರಿನಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವನು ಬಾಗಿಲ ಹಿಡಿಗೆ ಕೈ ಹಾಕಿದ. 'ಅರೆ, ನೀವ್ಯಾಕೆ ಬಂದ್ರಿ?' ಎಂದು ಕೇಳಿದರೆ? ಆ ಪ್ರಶ್ನೆಗೆ ಒಂದೇ ಕಾಲಿನ ಬೂಟಿನಲ್ಲಿ ನಿಂತು ಹೇಳಬಹುದಾದ ಉತ್ತರ ಯಾವುದೂ ಇರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ಬಸ್ಸಿಗೆ ಹೋಗಿ ನಿಂತ.

ಅರ್ಧ ದಾರಿಯಲ್ಲಿ ಫೋನು ಬಡಿದುಕೊಂಡಿತು.

"ಕೊಡೆಯವರೇ! ಹೋಗ್ಬಂದ್ವಿ! ಏನು ಕಲ್ಲು ಅಂತೀರಿ! ನೀವಿರ್ಬೇಕಿತ್ತು. ಮನೇಲೇ ಇದ್ದೀರಾ?"

"ಮನೇಲೇ ಮೇಡಂ." ಅಷ್ಟರಲ್ಲಿ ವ್ಯಾನು ಬಸ್ಸನ್ನು ಹಿಂದಿಕ್ಕಲು ಪಕ್ಕಕ್ಕೇ ಬಂತು. ಗುಮಾಸ್ತ ಸೀಟಿನ ಕೆಳಗೆ ಕುಸಿದು ಕೇಳಿದ, "ಪುಸ್ತಕದಲ್ಲಿ ಹೆಸರು ಬರೆದ್ರಾ?"

"ಬರೆಯದೆ ಇರ್ತೀವಾ? ಪಾಪ ಅಂತ ನಿಮ್ಮ ಹೆಸರೂ ಬರೆದ್ವಿ!"

ತನ್ನ ಹೆಸರು ಬರೆಯುವುದನ್ನೇ ತಾನು ಮರೆತು ಬಂದದ್ದು ಅವನಿಗೆ ಹೊಳೆದದ್ದು ಆಗ.

ಸೋಮವಾರ ಕಂಡಕ್ಟರು ಅವನ ಮೇಜಿನ ಮೇಲೆ ಕೆಸರು ಮೆತ್ತಿದ ಬೂಟೊಂದನ್ನು ಇಟ್ಟ. "ಬೆಟ್ಟದ ಕಾವಲಿನವರು ಕೊಟ್ರು. ಬೆಳಿಗ್ಗೆ ಜೌಗಲ್ಲಿ ಸಿಕ್ತಂತೆ."

ಮೇಲ್ವಿಚಾರಕರು ಬಗ್ಗಿ ನೋಡಿದರು. "ಯಾರೋ ಪೆದ್ದ ಚೀಟಿ ಕೊಡದೆ ಹತ್ತಿದ್ದಾನೆ. ಕೇಳೋರು ಯಾರೂ ಇಲ್ವೇನ್ರೀ ಇಂಥೋರಿಗೆ?"

"ನಾವು ಅಷ್ಟು ಹೊತ್ತು ಮೇಲೇ ಇದ್ವಲ್ಲ," ಎಂದಳು ಕೌಂಟರಿನಾಕೆ, "ಒಂದು ನರಪಿಳ್ಳೆ ಕಾಣ್ಲಿಲ್ಲಪ್ಪ."

ಗುಮಾಸ್ತ ಹವಾಯಿ ಚಪ್ಪಲಿಯ ಕಾಲುಗಳನ್ನು ಮೇಜಿನಡಿ ಇನ್ನಷ್ಟು ಒಳಕ್ಕೆ ಎಳೆದುಕೊಂಡ. ಚೀಟಿಯಲ್ಲಿ 'ಬೂಟು, ಎಡಗಾಲಿನದು, ಒಂದು' ಎಂದು ದುಂಡಗೆ ಬರೆದ. 'ಕೇಳಿಕೊಂಡು ಬಂದವರು' ಎಂಬಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಖಾಲಿ ಬಿಟ್ಟು, ಚೀಟಿ ಕಟ್ಟಿ, ಬೂಟನ್ನು ಕೊಡೆಗಳ ಸಾಲಿನ ಕೆಳಗಿಟ್ಟ. ಹರಾಜಿಗೆ ಇನ್ನು ಹತ್ತು ತಿಂಗಳು; ಅಲ್ಲಿ ತಾನೇ ಕೂಗಿ ಕೊಂಡುಕೊಳ್ಳಬಹುದು. ಒಂಟಿ ಬೂಟಿಗೆ ಎದುರು ಕೂಗುವವರು ಯಾರೂ ಇರಲಾರರು. ಅಲ್ಲಿಯವರೆಗೆ ಬಲಗಾಲಿನದನ್ನು ಮನೆಯಲ್ಲಿ ಜೋಪಾನ ಮಾಡಬೇಕು, ಮತ್ತು ಈ ವಿಷಯ ಯಾರಿಗೂ ಹೇಳಬಾರದು ಎಂದು ಅವನು ತೀರ್ಮಾನಿಸಿದ.