ಪೂರ್ವಕ್ಕೆ ಮುಖ ಮಾಡಿದ ಕ್ಯಾರವಾನ್

ಕಂಪ್ಲಿಯ ಅಕ್ಕಿ ಗಿರಣಿಯ ಕೊಟ್ರಯ್ಯನವರಿಗೆ ಹಿಂದಿನ ಕಾಲದ ರಾಜರ ಮೇಲೆ ಒಂದು ತಕರಾರಿತ್ತು. ಅಷ್ಟೊಂದು ಗುಡಿ ಕಟ್ಟಿಸಿದ ಮಹಾನುಭಾವರಲ್ಲಿ ಒಬ್ಬನಾದರೂ, ದೇವರನ್ನು ನೋಡಲು ಬಂದವನು ಮೂತ್ರಕ್ಕೆ ಎಲ್ಲಿಗೆ ಹೋಗಬೇಕು ಎಂದು ಯೋಚಿಸಲಿಲ್ಲ!

ಕೊಟ್ರಯ್ಯನವರಿಗೆ ಸಕ್ಕರೆ ಕಾಯಿಲೆ. ಹೋದ ವರ್ಷ ಹಂಪಿಯಲ್ಲಿ ತಡೆಯಲಾರದೆ ಒಂದು ಬಂಡೆಯ ಮರೆಗೆ ಸರಿದಿದ್ದರು. ಹಂಪಿಯಲ್ಲಿ ಮರೆ ಎನ್ನುವುದೇ ಒಂದು ಮೋಸ. ಬಂಡೆಯ ಹಿಂದೆ ಒಬ್ಬ ದೇವರಿರುತ್ತಾನೆ, ದೇವರಿಲ್ಲದಿದ್ದರೆ ಶಾಸನವಿರುತ್ತದೆ, ಎರಡೂ ಇಲ್ಲದಿದ್ದರೆ ಕಾವಲುಗಾರನಿರುತ್ತಾನೆ. ಅವನು ಸೀಟಿ ಊದಿದ. ಪರದೇಶದ ಪ್ರವಾಸಿಗರ ಗುಂಪು ತಿರುಗಿ ನೋಡಿತು. (ಅವರಲ್ಲಿ ಒಬ್ಬಾಕೆ ಕೈ ಬೀಸಿದಳೆಂದು ಹೆಂಡತಿ ಮರುಳಸಿದ್ದಮ್ಮ ಹೇಳುತ್ತಾರೆ. ಕೊಟ್ರಯ್ಯನವರು ಅಲ್ಲಗಳೆಯುತ್ತಾರೆ.) ಪ್ರಾಣ ಹೋದರೂ ಇನ್ನು ಬಯಲಿಗೆ ಹೋಗುವುದಿಲ್ಲ ಎಂದು ಅಲ್ಲೇ ಶಪಥವಾಯಿತು.

ಶಪಥದ ಫಲವೇ ಕ್ಯಾರವಾನು. ವಡ್ಡು ಗ್ರಾಮದ ಕಡೆಯ ಯಾವುದೋ ಕಾರ್ಖಾನೆ ಮಾರಿದ ಹಳೆಯ ಮಿನಿ ಬಸ್ಸನ್ನು ಕೊಂಡು, ಸೀಟು ಕಿತ್ತು, ಮಂಚ, ಸೋಫಾ, ಗ್ಯಾಸಿನ ಒಲೆ ಎಲ್ಲ ಕೂಡಿಸಿದರು. ಹಿಂದಿನ ಎಡ ಮೂಲೆಯಲ್ಲಿ ಬಿಳಿಯ ಕಮೋಡು ರಾರಾಜಿಸಿತು. ಉಳಿದದ್ದೆಲ್ಲ ಅದರ ಪರಿವಾರ.

ಗುಡಿಗಳ ಯಾತ್ರೆಗೆ ಹೊರಡುವ ಹಿಂದಿನ ದಿನ ಕೊಟ್ರಯ್ಯನವರ ತಲೆಗೆ ವಾಸ್ತು ಹೊಕ್ಕಿತು. ವಾಸ್ತುವಿಗಾಗಿ ಗಿರಣಿಯ ಬಾಗಿಲನ್ನೇ ಕಿತ್ತು ಬೇರೆ ದಿಕ್ಕಿಗೆ ಹಾಕಿಸಿದವರು ಅವರು.

"ಇದು ಗಾಡಿ ಅಲ್ಲ, ಮನಿ. ಮನಿ ಅಂದಮ್ಯಾಗ ವಾಸ್ತು ಬ್ಯಾಡೇನು? ಗಾಡಿ ಪೂರ್ವಕ್ಕ ಮುಖ ಮಾಡಿದ್ರ ಪಾಯಿಖಾನಿ ವಾಯವ್ಯಕ್ಕ ಬರ್ತೈತಿ, ಅದು ಶ್ರೇಷ್ಠ. ದಕ್ಷಿಣಕ್ಕ ಮುಖ ಮಾಡಿದ್ರ ಈಶಾನ್ಯಕ್ಕ ಬರ್ತೈತಿ. ಆವಾಗ ಯಾರೂ ಆ ಚಿಲಕ ಮುಟ್ಟಂಗಿಲ್ಲ. ಈಶಾನ್ಯ ದೇವಮೂಲಿ."

"ಗಾಲಿ ಇರೋ ಮನಿಗೂ ಮೂಲಿ ಅದಾವೇನ್ರಿ?" ಎಂದರು ಮರುಳಸಿದ್ದಮ್ಮ.

"ನಿನಗ ತಿಳಿಯಂಗಿಲ್ಲ, ಸುಮ್ನ ಕುಂದ್ರು."

ಮೊದಲು ಸಂಡೂರಿನ ಕುಮಾರಸ್ವಾಮಿ. ಬೆಟ್ಟದ ದಾರಿ ಹಾವಿನಂತೆ ಹೊರಳುತ್ತದೆ. ಕೊಟ್ರಯ್ಯನವರು ಮೊಬೈಲಿನ ದಿಕ್ಸೂಚಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಒಂದು ತಿರುವಿನಲ್ಲಿ ಪಾಯಿಖಾನೆ ಶ್ರೇಷ್ಠ, ಮುಂದಿನ ತಿರುವಿನಲ್ಲಿ ಮಹಾಪಾಪ. ಶುಭ ದಿಕ್ಕು ಕಂಡೊಡನೆ ಇವರು ಎದ್ದು ಓಡುವರು. ಧೋತರಕ್ಕೆ ಕೈ ಹಾಕುವಷ್ಟರಲ್ಲಿ ಗಾಡಿ ಹೊರಳುವುದು. ಇವರು ಶಿವಶಿವಾ ಎಂದು ಮರಳಿ ಬರುವರು.

"ಎರ್ರೆಪ್ಪಾ, ಗಾಡಿ ನೆಟ್ಟಗ ಹೊಡಿಯಲೇ!"

"ರಸ್ತಾನ ಸೊಟ್ಟ ಐತ್ರಿ ಸಾವ್ಕಾರ್ರ. ನಾನೇನ್ ಮಾಡ್ಲಿ?" ಎಂದ ಡ್ರೈವರ್ ಎರ್ರೆಪ್ಪ.

"ಹಿಂಗ ತಿರುಗಿಸಿದ್ರ ವಾಸ್ತುಪುರುಷಗ ತಲಿ ತಿರುಗಿ ವಾಂತಿ ಬರ್ತೈತಿ," ಎಂದು ಮರುಳಸಿದ್ದಮ್ಮ ನಿಂಬೆಹಣ್ಣು ಮೂಸಿದರು. ಕುಮಾರಸ್ವಾಮಿಯ ಮುಂದೆ ಕೊಟ್ರಯ್ಯನವರು ಕಣ್ಣು ಮುಚ್ಚಿ ನಿಂತಾಗ ಅವರ ಮನಸ್ಸಿನಲ್ಲಿದ್ದದ್ದು ಬಿಳಿಯ ಕಮೋಡು ಮಾತ್ರ. ದರ್ಶನವಾದ ಮೇಲೆ ಸಮತಟ್ಟಾದ ಜಾಗ ಸಿಕ್ಕಿತು, ಗಾಡಿ ಪೂರ್ವಕ್ಕೆ ತಿರುಗಿತು, ಮಾನ ಉಳಿಯಿತು.

ಹೊಸಪೇಟೆಯಲ್ಲಿ ಊಟ ಮುಗಿಸಿ, ಮಜ್ಜಿಗೆ ಸಾಲದೆಂದು ಕಬ್ಬಿನ ಹಾಲನ್ನೂ ಕುಡಿದು ("ಒಂದು ಗ್ಲಾಸಿಗೆ ಏನಾಗ್ತೈತಿ?"), ಹಂಪಿಗೆ ಬಂದರು. ಅಲ್ಲಿ ಪಾರ್ಕಿಂಗಿನವನು ಎಲ್ಲ ಗಾಡಿಗಳನ್ನೂ ದಕ್ಷಿಣಕ್ಕೆ ಮುಖ ಮಾಡಿಸಿ ಸಾಲಾಗಿ ನಿಲ್ಲಿಸುತ್ತಿದ್ದ. ಕೊಟ್ರಯ್ಯನವರು ಪೂರ್ವ, ಈಶಾನ್ಯ ಎಂದು ವಿವರಿಸುವಷ್ಟರಲ್ಲಿ ಹಿಂದೆ ಮರಿಯಮ್ಮನಹಳ್ಳಿಯ ಒಂದು ಬಸ್ಸು ಬಂದು ಅಡ್ಡಲಾಗಿ ನಿಂತಿತು. ಅದರ ಡ್ರೈವರ್ ಇಳಿದು ಮಾಯವಾದ.

ವಿರೂಪಾಕ್ಷನ ದರ್ಶನ ಮುಗಿಸಿ ಹೊರಬಂದಾಗ ಕಬ್ಬಿನ ಹಾಲು ತನ್ನ ಕೆಲಸ ಮಾಡಿತ್ತು. ಕೊಟ್ರಯ್ಯನವರು ಒಂದು ಕಾಲಿನ ಮೇಲೆ ನಿಂತರು. ಆಮೇಲೆ ಇನ್ನೊಂದರ ಮೇಲೆ ನಿಂತರು.

"ಸುಮ್ನ ಒಳಗ ಹೋಗಿ ಬರ್ರಿ," ಎಂದರು ಮರುಳಸಿದ್ದಮ್ಮ. "ದೇವರೇನು ನಿಮ್ಮನ್ನ ನೋಡ್ಕೋತ ಕುಂತಾನೇನು?"

"ಈಶಾನ್ಯದಾಗ? ಗಿರಣಿ ಮುಳುಗ್ತೈತಿ!"

"ನೀವು ಹಿಂಗಽ ನಿಂತ್ರ ಮೊದಲು ಇಲ್ಲೇ ಮುಳುಗ್ತೈತಿ."

ಕೊಟ್ರಯ್ಯನವರು ಮೊಣಕಾಲು ಕೂಡಿಸಿಕೊಂಡು ಬಸ್ಸಿನ ಡ್ರೈವರನನ್ನು ಹುಡುಕಿ ಹೊರಟರು. ಚಹಾದ ಅಂಗಡಿಗಳಲ್ಲಿ ಅವನಿಲ್ಲ. ಕಡೆಗೆ ಒಂದು ಮಂಟಪದಲ್ಲಿ, ಕಂಬದ ಮೇಲಿನ ಕಲ್ಲಿನ ನರ್ತಕಿಯ ಪಾದದ ಕೆಳಗೆ, ಮುಖಕ್ಕೆ ಟವಲು ಮುಚ್ಚಿಕೊಂಡು ಮಲಗಿದ್ದ. ಅವನನ್ನು ಎಬ್ಬಿಸಿ, ಕೈ ಮುಗಿದು, ಕರೆತಂದು, ಬಸ್ಸು ಸರಿಸಿ, ಎರಡು ಕಾರುಗಳನ್ನು ತಳ್ಳಿಸಿ, ಬೆವರು ಸುರಿಸುತ್ತ "ಬರ್ಲಿ, ಬರ್ಲಿ, ರೈಟ್!" ಎಂದು ಕೂಗಿದರು. ಎರ್ರೆಪ್ಪ ಗಾಡಿ ಹೊರಳಿಸಿದ. ಕ್ಯಾರವಾನು ಪೂರ್ವಕ್ಕೆ ಮುಖ ಮಾಡಿ ನಿಂತಿತು. ಹೊರಳುವಾಗ ಒಳಗಿನಿಂದ "ವಿರೂಪಾಕ್ಷಾ!" ಎಂಬ ಹೆಣ್ಣುದನಿಗಳು ಕೇಳಿದವು. ಕೊಟ್ರಯ್ಯನವರಿಗೆ ಅದನ್ನು ವಿಚಾರಿಸುವ ವ್ಯವಧಾನವಿರಲಿಲ್ಲ. ನುಗ್ಗಿ ಬಾಗಿಲು ತೆರೆದರು.

ಮಂಚದ ಮೇಲೆ ಹೆಂಗಸರು. ಸೋಫಾದ ಮೇಲೆ ಹೆಂಗಸರು. ಒಲೆಯ ಪಕ್ಕದಿಂದ ಆ ಹಿಂದಿನ ಮೂಲೆಯವರೆಗೆ ಹೆಂಗಸರ ಸಾಲು. ಮರಿಯಮ್ಮನಹಳ್ಳಿಯ ಬಸ್ಸು ಅಲ್ಲಿ ಖಾಲಿಯಾಗಿತ್ತು. ಮರುಳಸಿದ್ದಮ್ಮ ಬಕೆಟ್ಟಿಗೆ ನೀರು ತುಂಬುತ್ತಿದ್ದರು.

"ಯಾವಾಗಿನಿಂದ?" ಎಂದರು ಕೊಟ್ರಯ್ಯನವರು.

"ನೀವು ಅತ್ತಾಗ ಹೋಗಿದ್ದಽ ತಡ. ಪಾಪ, ಮುಂಜಾನಿಂದ ತಡಕೊಂಡು ಕುಂತಾರ ಹೆಣ್ಮಕ್ಕಳು."

ಪಾಯಿಖಾನೆಯ ಒಳಗಿನಿಂದ ಹುಲುಗಮ್ಮ ಎಂಬ ಮುದುಕಿ ಸೆರಗು ಸರಿಪಡಿಸಿಕೊಳ್ಳುತ್ತ ಹೊರಬಂದಳು. ಮುಖದಲ್ಲಿ ಪರಮಶಾಂತಿ. "ಗುಡಿಯಾಗೂ ಇಷ್ಟು ಸಮಾಧಾನ ಸಿಗ್ಲಿಲ್ಲ ನೋಡವ್ವಾ," ಎಂದು ಮರುಳಸಿದ್ದಮ್ಮನ ಗಲ್ಲ ಮುಟ್ಟಿ ಮುತ್ತಿಟ್ಟುಕೊಂಡಳು. ಆಮೇಲೆ ಕೊಟ್ರಯ್ಯನವರತ್ತ ತಿರುಗಿದಳು.

"ಯಪ್ಪಾ, ಇದು ಹೆಣ್ಮಕ್ಕಳಿಗೆ. ಬಾಗಿಲದಾಗ ನಿಂತು ಏನ್ ನೋಡ್ತಿ? ಗಂಡಸರಿಗೆ ಆ ಕಡೆ ಬಾಳಿ ತ್ವಾಟ ಐತಿ, ಹೋಗು."

ಇದು ನನ್ನ ಗಾಡಿ, ನನ್ನ ಕಮೋಡು ಎಂದು ಹೇಳಲು ಕೊಟ್ರಯ್ಯನವರು ಬಾಯಿ ತೆರೆದರು. ಆದರೆ ಆ ಹೊತ್ತಿಗೆ ಮಾತಾಡುವುದೂ ಅಪಾಯಕರವಾಗಿತ್ತು. ನೀನಾದರೂ ಹೇಳೇ ಎನ್ನುವಂತೆ ಹೆಂಡತಿಯನ್ನು ನೋಡಿದರು.

"ಹಂಗಽ ಹೇಳವ್ವ," ಎಂದರು ಮರುಳಸಿದ್ದಮ್ಮ. "ನಾ ಹೇಳಿದ್ರ ಕೇಳಂಗಿಲ್ಲ."

ಕೊಟ್ರಯ್ಯನವರು ಧೋತರ ಎತ್ತಿ ಕಟ್ಟಿ ಬಾಳೆತೋಟದ ಕಡೆಗೆ ಓಡಿದರು. ಅವರ ಬೆನ್ನ ಹಿಂದೆ, ಶಾಸ್ತ್ರೋಕ್ತವಾಗಿ ಪೂರ್ವಕ್ಕೆ ಮುಖ ಮಾಡಿ ನಿಂತಿದ್ದ ಕ್ಯಾರವಾನಿನ ಬಾಗಿಲನ್ನು ಯಾರೋ ಒಳಗಿನಿಂದ ಎಳೆದು ಚಿಲಕ ಹಾಕಿಕೊಂಡರು.